ಪರ್ವತಗಳ ನಡುವೆ ಸಣ್ಣ ವಿಮಾನ: ಫ್ಲೈಟ್ ಸಿಮ್ಯುಲೇಟರ್ ಹಾರಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಹವ್ಯಾಸ ಇರುವವರು ಒಂದಲ್ಲ ಒಂದು ದಿನ ನೇಪಾಳದ ಲುಕ್ಲಾಕ್ಕೋ ಅಮೆರಿಕದ ಕೊಲರಾಡೊ ಪರ್ವತಗಳಿಗೋ ಹೋಗಿಯೇ ಹೋಗುತ್ತಾರೆ. ಅಲ್ಲಿ ವಿಮಾನ ಗುಡ್ಡಕ್ಕೆ ಬಡಿದಾಗ ತಪ್ಪು ಕೊನೆಯ ಕ್ಷಣದ್ದು ಎಂದುಕೊಂಡು ಮತ್ತೆ ಅದೇ ಕಣಿವೆಯನ್ನು ಅದೇ ರೀತಿ ಪ್ರವೇಶಿಸುತ್ತಾರೆ. ಪರ್ವತ ಪ್ರದೇಶದ ಅಪಘಾತಗಳಲ್ಲಿ ಹೆಚ್ಚಿನವು ನೆಲಕ್ಕೆ ಬಡಿಯುವ ಎಷ್ಟೋ ನಿಮಿಷ ಮೊದಲೇ, ಹಿಂದಿರುಗುವ ದಾರಿ ಇನ್ನೂ ತೆರೆದಿದ್ದಾಗಲೇ, ತೀರ್ಮಾನವಾಗಿರುತ್ತವೆ. ಆ ನಿಮಿಷಗಳನ್ನು ಗುರುತಿಸಲು ಸಿಮ್ಯುಲೇಟರ್ ಎಷ್ಟರಮಟ್ಟಿಗೆ ನೆರವಾಗುತ್ತದೆ ಎಂಬುದನ್ನು ಗಮನದಲ್ಲಿಟ್ಟುಕೊಂಡು ಈ ಉತ್ತರಗಳನ್ನು ಬರೆಯಲಾಗಿದೆ.

ದೊಡ್ಡ ವಿಮಾನಗಳು ದಿನವೂ ಪರ್ವತಶ್ರೇಣಿಗಳನ್ನು ದಾಟುತ್ತವೆ. ಸಣ್ಣ ವಿಮಾನಕ್ಕೆ ಮಾತ್ರ ಏಕೆ ಇಷ್ಟು ಅಪಾಯ?

ಪ್ರಯಾಣಿಕರ ಜೆಟ್ ವಿಮಾನ ಸಾಮಾನ್ಯವಾಗಿ 35,000 ಅಡಿಯ ಆಸುಪಾಸಿನಲ್ಲಿ ಹಾರುತ್ತದೆ. ಎವರೆಸ್ಟ್ ಶಿಖರದ ಎತ್ತರವೇ 29,032 ಅಡಿ. ಸಣ್ಣ ವಿಮಾನಕ್ಕೆ ಆ ಅನುಕೂಲ ಇಲ್ಲ. ಸಿಮ್ಯುಲೇಟರ್ ಹಾರಿಸುವ ಎಲ್ಲರಿಗೂ ಪರಿಚಿತವಾದ ಸೆಸ್ನಾ 172ಎಸ್ ವಿಮಾನವನ್ನು ತೆಗೆದುಕೊಳ್ಳೋಣ. ಅದರ ಎಂಜಿನ್ 180 ಅಶ್ವಶಕ್ತಿಯದು. ಪೂರ್ಣ ತೂಕ ಹೊತ್ತು ಸಮುದ್ರಮಟ್ಟದಲ್ಲಿ ಅದು ನಿಮಿಷಕ್ಕೆ 730 ಅಡಿಯಷ್ಟು ಏರುತ್ತದೆ. 14,000 ಅಡಿ ತಲುಪುವ ಹೊತ್ತಿಗೆ ಆ ಏರುವಿಕೆ ನಿಮಿಷಕ್ಕೆ ಕೇವಲ 100 ಅಡಿಗೆ ಇಳಿದಿರುತ್ತದೆ. ಈ ಎತ್ತರವನ್ನೇ ವಿಮಾನದ ಸರ್ವಿಸ್ ಸೀಲಿಂಗ್ ಎನ್ನುವುದು. ಕೊಲರಾಡೊ ರಾಜ್ಯವೊಂದರಲ್ಲೇ 14,000 ಅಡಿ ಮೀರಿದ ಶಿಖರಗಳು 50ಕ್ಕೂ ಹೆಚ್ಚು ಇವೆ. ಆದ್ದರಿಂದ ಇಂಥ ವಿಮಾನ ಶಿಖರಗಳನ್ನು ಹತ್ತಿ ದಾಟುವುದಿಲ್ಲ, ಅವುಗಳ ನಡುವಿನ ಕಣಿವೆಗಳಲ್ಲಿ ನುಸುಳಿ ತಗ್ಗಾದ ಘಾಟಿಗಳ ಮೂಲಕ ಆಚೆಗೆ ಹೋಗುತ್ತದೆ.

ಅದೇ ವಿಮಾನ, ಅದೇ ತೂಕ. ಬೆಳಿಗ್ಗೆ ಸುಲಭವಾಗಿ ಮೇಲೇರಿದ್ದು ಮಧ್ಯಾಹ್ನ ರನ್‌ವೇ ಮುಗಿದರೂ ಏರುವುದಿಲ್ಲ. ಸಿಮ್ಯುಲೇಟರ್ ಕೆಟ್ಟಿದೆಯೇ?

ಕೆಟ್ಟಿಲ್ಲ. ಅದು ಡೆನ್ಸಿಟಿ ಆಲ್ಟಿಟ್ಯೂಡ್ ಎಂಬ ಲೆಕ್ಕವನ್ನು ಸರಿಯಾಗಿಯೇ ಮಾಡುತ್ತಿದೆ. ಗಾಳಿ ಬಿಸಿಯಾದಷ್ಟೂ ತೆಳುವಾಗುತ್ತದೆ. ತೆಳುವಾದ ಗಾಳಿಯಲ್ಲಿ ಎಂಜಿನ್‌ಗೆ ಆಮ್ಲಜನಕ ಕಡಿಮೆ, ಪ್ರೊಪೆಲ್ಲರ್‌ಗೆ ಹಿಡಿತ ಕಡಿಮೆ, ರೆಕ್ಕೆಗೆ ಎತ್ತುವ ಬಲವೂ ಕಡಿಮೆ. ಈ ಮೂರೂ ನಷ್ಟಗಳು ಒಟ್ಟಿಗೇ ಬರುತ್ತವೆ. ಟರ್ಬೊ ಇಲ್ಲದ ಎಂಜಿನ್ ಪ್ರತಿ ಸಾವಿರ ಅಡಿಗೆ ಸುಮಾರು ಶೇ. 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ, ಅಂದರೆ 10,000 ಅಡಿಯಲ್ಲಿ ಅದರ ಬಳಿ ಉಳಿಯುವುದು ಶೇ. 70ರ ಆಸುಪಾಸು.

ಲೆಕ್ಕ ಹೀಗಿದೆ. ಪ್ರಮಾಣಿತ ವಾತಾವರಣದಲ್ಲಿ ಸಮುದ್ರಮಟ್ಟದ ಉಷ್ಣಾಂಶ 15 ಡಿಗ್ರಿ ಸೆಲ್ಸಿಯಸ್. ಪ್ರತಿ ಸಾವಿರ ಅಡಿಗೆ ಸುಮಾರು 2 ಡಿಗ್ರಿ ಕಡಿಮೆಯಾಗುತ್ತದೆ. ಉಷ್ಣಾಂಶ ಈ ಪ್ರಮಾಣವನ್ನು ಮೀರಿದ ಒಂದೊಂದು ಡಿಗ್ರಿಗೂ ವಿಮಾನಕ್ಕೆ ತಾನು 120 ಅಡಿ ಹೆಚ್ಚು ಎತ್ತರದಲ್ಲಿದ್ದಂತೆ ಆಗುತ್ತದೆ. ಕೊಲರಾಡೊದ ಲೆಡ್‌ವಿಲ್ ವಿಮಾನನಿಲ್ದಾಣ 9,934 ಅಡಿ ಎತ್ತರದಲ್ಲಿದೆ. ಅಲ್ಲಿನ ಪ್ರಮಾಣಿತ ಉಷ್ಣಾಂಶ ಸೊನ್ನೆಗಿಂತ ಸುಮಾರು 5 ಡಿಗ್ರಿ ಕೆಳಗೆ. ಬೇಸಿಗೆಯ ಮಧ್ಯಾಹ್ನ 25 ಡಿಗ್ರಿ ಇದ್ದರೆ ವ್ಯತ್ಯಾಸ 30 ಡಿಗ್ರಿ, ಅಂದರೆ 3,600 ಅಡಿ. ರನ್‌ವೇ ಮೇಲೆ ನಿಂತಿರುವ ಸೆಸ್ನಾ 13,500 ಅಡಿಯಲ್ಲಿ ಹಾರುತ್ತಿರುವಂತೆಯೇ ವರ್ತಿಸುತ್ತದೆ. ಅದರ ಸರ್ವಿಸ್ ಸೀಲಿಂಗ್ 14,000 ಅಡಿ ಎಂಬುದನ್ನು ನೆನಪಿಸಿಕೊಂಡರೆ ಮುಂದಿನದನ್ನು ಹೇಳಬೇಕಾಗಿಲ್ಲ.

ಸಿಮ್ಯುಲೇಟರ್‌ನಲ್ಲಿ ಇದನ್ನು ಪರೀಕ್ಷಿಸುವುದು ಸುಲಭ. ಲೆಡ್‌ವಿಲ್‌ನಲ್ಲಿ ಉಷ್ಣಾಂಶವನ್ನು ಮೊದಲು 0 ಡಿಗ್ರಿಗೂ ನಂತರ 25 ಡಿಗ್ರಿಗೂ ಹೊಂದಿಸಿ, ಒಮ್ಮೆ ಒಬ್ಬರೇ ಅರ್ಧ ಟ್ಯಾಂಕ್ ಇಂಧನದೊಂದಿಗೆ, ಇನ್ನೊಮ್ಮೆ ನಾಲ್ವರೊಂದಿಗೆ ಪೂರ್ಣ ತೂಕದಲ್ಲಿ ಹೊರಟು ನೋಡಿ. ಹೆಚ್ಚಿನವರು ತೂಕದ ಪುಟವನ್ನು ತೆರೆಯುವುದೇ ಇಲ್ಲ.

ಥ್ರಾಟಲ್ ಪೂರ್ತಿ ಮುಂದಿದ್ದರೂ ಎಂಜಿನ್ ಕೆಮ್ಮುತ್ತದೆ. ಏನು ಮಾಡಬೇಕು?

ಮಿಕ್ಸ್ಚರ್ ಹಿಡಿಯನ್ನು, ಅಂದರೆ ಗಾಳಿಯೊಂದಿಗೆ ಎಷ್ಟು ಇಂಧನ ಬೆರೆಯಬೇಕು ಎಂಬುದನ್ನು ಹೊಂದಿಸುವ ಹಿಡಿಯನ್ನು, ಹಿಂದಕ್ಕೆ ಎಳೆಯಬೇಕು. ಸಮುದ್ರಮಟ್ಟದಲ್ಲಿ ಮಿಕ್ಸ್ಚರ್ ಪೂರ್ತಿ ಮುಂದಿಟ್ಟು ಹೊರಡುವುದು ವಾಡಿಕೆ. ಎತ್ತರದ ನಿಲ್ದಾಣದಲ್ಲಿ ಹಾಗೆ ಮಾಡಿದರೆ ತೆಳುಗಾಳಿಗೆ ಬೇಕಾದುದಕ್ಕಿಂತ ಹೆಚ್ಚು ಇಂಧನ ಹೋಗಿ ಮೊದಲೇ ಕುಂದಿದ ಶಕ್ತಿ ಇನ್ನಷ್ಟು ಕುಂದುತ್ತದೆ. ಹೊರಡುವ ಮೊದಲು ಎಂಜಿನ್ ವೇಗ ಹೆಚ್ಚಿಸಿ, ಮಿಕ್ಸ್ಚರನ್ನು ನಿಧಾನವಾಗಿ ಹಿಂದೆಳೆಯುತ್ತ, ಎಂಜಿನ್ ಅತಿ ಚುರುಕಾಗಿ ತಿರುಗುವ ಜಾಗ ದಾಟಿದ ಮೇಲೆ ತುಸು ಮುಂದಕ್ಕೆ ತಳ್ಳಿ ನಿಲ್ಲಿಸಬೇಕು. ಹಲವು ಸಿಮ್ಯುಲೇಟರ್‌ಗಳಲ್ಲಿ ಈ ಕೆಲಸವನ್ನು ತಾನಾಗಿ ಮಾಡುವ ಸಹಾಯಕ ಆಯ್ಕೆ ಇರುತ್ತದೆ. ಪರ್ವತ ಹಾರಾಟ ಕಲಿಯಬೇಕೆಂದಿದ್ದರೆ ಮೊದಲು ಅದನ್ನು ನಿಲ್ಲಿಸಬೇಕು.

ಲುಕ್ಲಾದಲ್ಲಿ ಇಳಿಯುವುದು ಅಷ್ಟು ಕಷ್ಟವೇ?

ಲುಕ್ಲಾದ ತೇನ್ಸಿಂಗ್-ಹಿಲರಿ ವಿಮಾನನಿಲ್ದಾಣ ಎವರೆಸ್ಟ್ ಕಡೆಗೆ ಹೋಗುವ ಚಾರಣಿಗರ ಹೆಬ್ಬಾಗಿಲು. ಎಡ್ಮಂಡ್ ಹಿಲರಿಯವರ ಮುಂದಾಳತ್ವದಲ್ಲಿ 1964ರಲ್ಲಿ ನಿರ್ಮಾಣವಾದ ಈ ನಿಲ್ದಾಣಕ್ಕೆ 2001ರಲ್ಲಿ ಡಾಂಬರು ಬಂತು, 2008ರಲ್ಲಿ ಈಗಿನ ಹೆಸರು ಬಂತು. ಎತ್ತರ ಸುಮಾರು 9,334 ಅಡಿ, ರನ್‌ವೇ ಉದ್ದ 527 ಮೀಟರ್, ಇಳಿಜಾರು ಶೇ. 11.7. ಅಂದರೆ ರನ್‌ವೇಯ ಒಂದು ತುದಿ ಇನ್ನೊಂದಕ್ಕಿಂತ 60 ಮೀಟರಿನಷ್ಟು ಎತ್ತರದಲ್ಲಿದೆ. ಕೆಳತುದಿಯಲ್ಲಿ ಪ್ರಪಾತ, ಮೇಲ್ತುದಿಯಲ್ಲಿ ಗೋಡೆ ಮತ್ತು ಬೆಟ್ಟ. ಹಾಗಾಗಿ ಗಾಳಿ ಹೇಗಿದ್ದರೂ ವಿಮಾನಗಳು ಏರುಮುಖವಾಗಿ ಇಳಿಯುತ್ತವೆ, ಇಳಿಮುಖವಾಗಿ ಹೊರಡುತ್ತವೆ.

ಇಲ್ಲಿ ಎರಡು ಬಲೆಗಳಿವೆ. ಮೊದಲನೆಯದು ಕಣ್ಣಿನದು. ಏರುಮುಖ ರನ್‌ವೇಯನ್ನು ಎದುರಿನಿಂದ ನೋಡುವ ಪೈಲಟ್‌ಗೆ ತಾನು ಇರುವುದಕ್ಕಿಂತ ಹೆಚ್ಚು ಎತ್ತರದಲ್ಲಿದ್ದೇನೆ ಎಂಬ ಭ್ರಮೆಯಾಗುತ್ತದೆ. ಅದನ್ನು ಸರಿಪಡಿಸಲು ಹೋಗಿ ಕೆಳಕ್ಕಿಳಿದರೆ ರನ್‌ವೇಗಿಂತ ಮೊದಲೇ ಬಂಡೆ ಸಿಗುತ್ತದೆ. ಎರಡನೆಯದು, ಇಲ್ಲಿ ಕೊನೆಯ ಹಂತದಲ್ಲಿ ಗೋ-ಅರೌಂಡ್ ಇಲ್ಲ. ಬೇರೆ ನಿಲ್ದಾಣಗಳಲ್ಲಿ ಇಳಿಯುವುದು ಸರಿಬಾರದಿದ್ದರೆ ಥ್ರಾಟಲ್ ತಳ್ಳಿ ಮತ್ತೆ ಮೇಲೇರಬಹುದು. ಲುಕ್ಲಾದಲ್ಲಿ ಎದುರಿನ ಬೆಟ್ಟ ವಿಮಾನ ಏರುವುದಕ್ಕಿಂತ ಬೇಗ ಏರುತ್ತದೆ. 2008ರ ಅಕ್ಟೋಬರ್ 8ರಂದು ಯೇತಿ ಏರ್‌ಲೈನ್ಸ್‌ನ ಟ್ವಿನ್ ಓಟರ್ ವಿಮಾನ ಕೊನೆಯ ಹಂತದಲ್ಲಿ ಮಂಜಿನೊಳಗೆ ಹೊಕ್ಕು ರನ್‌ವೇಗಿಂತ ಸ್ವಲ್ಪ ಮೊದಲೇ ನೆಲಕ್ಕೆ ಅಪ್ಪಳಿಸಿತು. ಒಳಗಿದ್ದ 19 ಮಂದಿಯಲ್ಲಿ ಬದುಕಿದ್ದು ಕ್ಯಾಪ್ಟನ್ ಒಬ್ಬರೇ.

ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್‌ನ 2020ರ ಆವೃತ್ತಿಯಲ್ಲಿ ಲುಕ್ಲಾವನ್ನು ವಿಶೇಷವಾಗಿ ರೂಪಿಸಲಾಗಿದೆ, ಹಾಗಾಗಿ ಅಲ್ಲಿ ಇಳಿಯುವ ವಿಡಿಯೊಗಳಿಗೆ ಲೆಕ್ಕವಿಲ್ಲ. ಆ ವಿಡಿಯೊಗಳು ಕಲಿಕೆಗೆ ಒಳ್ಳೆಯವಲ್ಲ ಎಂಬುದು ನಮ್ಮ ಅಭಿಪ್ರಾಯ, ಏಕೆಂದರೆ ಅವು ಗಾಲಿ ನೆಲ ಮುಟ್ಟುವ ಕೊನೆಯ ನಿಮಿಷವನ್ನು ಮಾತ್ರ ತೋರಿಸುತ್ತವೆ. ಅಭ್ಯಾಸ ಮಾಡಬೇಕಾದುದು ಅದಕ್ಕಿಂತ ಮೊದಲಿನದನ್ನು: ಕಣಿವೆಯಲ್ಲಿ ಎಲ್ಲಿಯವರೆಗೆ ತಿರುಗಿ ಹಿಂದಿರುಗಬಹುದು ಎಂದು ಮೊದಲೇ ಒಂದು ಜಾಗ ಗುರುತಿಸಿಕೊಂಡು, ಅಲ್ಲಿಗೆ ಬಂದಾಗ ರನ್‌ವೇ ಸ್ಪಷ್ಟವಾಗಿ ಕಾಣದಿದ್ದರೆ ಅಥವಾ ವೇಗ ಸರಿಯಿಲ್ಲದಿದ್ದರೆ ತಿರುಗಿಬಿಡಬೇಕು. ಹೀಗೆ ಇಳಿಯದೆ ಹಿಂದಿರುಗಿದ ಹಾರಾಟವನ್ನು ಯಾರೂ ವಿಡಿಯೊ ಮಾಡಿ ಹಾಕುವುದಿಲ್ಲ.

ಸ್ಪೀಡ್ ಮಾಪಕ ಸರಿಯಾದ ವೇಗವನ್ನೇ ತೋರಿಸುತ್ತಿತ್ತು. ಆದರೂ ರನ್‌ವೇ ಸಾಕಾಗಲಿಲ್ಲ. ಏಕೆ?

ಮಾಪಕ ತೋರಿಸುವುದು ಗಾಳಿಯ ಒತ್ತಡವನ್ನು ಆಧರಿಸಿದ ವೇಗ. ಪ್ರತಿ ಸಾವಿರ ಅಡಿಗೆ ನಿಜವಾದ ವೇಗ ಅದಕ್ಕಿಂತ ಸರಿಸುಮಾರು ಶೇ. 2ರಷ್ಟು ಹೆಚ್ಚಿರುತ್ತದೆ. 10,000 ಅಡಿಯಲ್ಲಿ ಮಾಪಕದಲ್ಲಿ 65 ನಾಟ್ (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿ.ಮೀ.) ಇದ್ದರೆ ವಿಮಾನ ಗಾಳಿಯಲ್ಲಿ 75 ನಾಟ್‌ಗೂ ಹೆಚ್ಚು ವೇಗದಲ್ಲಿ ಸಾಗುತ್ತಿರುತ್ತದೆ, ಅದನ್ನು ನಿಲ್ಲಿಸಲು ಬೇಕಾಗುವ ದೂರ ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ನೆಲ ಬೇಗ ಬೇಗ ಹಿಂದೆ ಸರಿಯುವುದನ್ನು ಕಂಡು ವೇಗ ತಗ್ಗಿಸಲು ಹೋಗಬೇಡಿ. ಸ್ಟಾಲ್ ಆಗುವುದು, ಅಂದರೆ ವೇಗ ಸಾಲದೆ ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವುದು, ಮಾಪಕದ ವೇಗಕ್ಕೆ ತಕ್ಕಂತೆಯೇ.

ಆಕಾಶ ತಿಳಿಯಾಗಿದೆ, ಮೋಡವೇ ಇಲ್ಲ. ಗಾಳಿ ಏನು ಮಾಡೀತು?

ಪರ್ವತ ಹಾರಾಟದ ಅತಿ ದೊಡ್ಡ ಶತ್ರು ಕಣ್ಣಿಗೆ ಕಾಣದ್ದು. ಬೆಟ್ಟಕ್ಕೆ ಎದುರಾದ ಗಾಳಿ ಇಳಿಜಾರನ್ನು ಹತ್ತುತ್ತದೆ, ನೆತ್ತಿ ದಾಟಿದ ಮೇಲೆ ಆಚೆಯ ಮಗ್ಗುಲಲ್ಲಿ ಧುಮುಕುತ್ತದೆ. ಹೊಳೆಯ ನೀರು ಬಂಡೆಯೊಂದನ್ನು ದಾಟಿ ಕೆಳಗೆ ಸುಳಿಯುವಂತೆಯೇ ಇದು, ಆದರೆ ಇಲ್ಲಿ ಸುಳಿಯ ಗಾತ್ರ ಇಡೀ ಬೆಟ್ಟದಷ್ಟು. ವಾತಾವರಣ ಸ್ಥಿರವಾಗಿದ್ದು ನೆತ್ತಿಯ ಮೇಲಿನ ಗಾಳಿ ಬಲವಾಗಿದ್ದರೆ ಆಚೆಗೆ ಅಲೆಗಳೇ ಏಳುತ್ತವೆ. ಅವುಗಳ ಕೆಳಗೆ ರೋಟರ್ ಎಂಬ ಉರುಳು ಸುಳಿ ಇರುತ್ತದೆ, ಅದು ಸಣ್ಣ ವಿಮಾನವನ್ನು ಮಗುಚಿ ಹಾಕಬಲ್ಲದು. ಮಸೂರದ ಆಕಾರದಲ್ಲಿ ಕದಲದೆ ನಿಂತ ಮೋಡಗಳು ಕಂಡರೆ ಅಲೆ ಇದೆ ಎಂದರ್ಥ, ಆದರೆ ಗಾಳಿ ಒಣಗಿದ್ದರೆ ಆ ಗುರುತೂ ಇರುವುದಿಲ್ಲ.

ಸಾಹಸಿ ಸ್ಟೀವ್ ಫಾಸೆಟ್ ಅವರ ಕೊನೆಯ ಹಾರಾಟವನ್ನು ಇಲ್ಲಿ ನೆನೆಯಲೇಬೇಕು. ಬಲೂನಿನಲ್ಲಿ ಒಬ್ಬರೇ ಭೂಮಿಯನ್ನು ಸುತ್ತಿದ ಮೊದಲಿಗರು ಅವರು. 2007ರ ಸೆಪ್ಟೆಂಬರ್ 3ರಂದು ನೆವಾಡದಿಂದ ಸೂಪರ್ ಡೆಕಥ್ಲಾನ್ ಎಂಬ ಎರಡು ಆಸನದ ವಿಮಾನದಲ್ಲಿ ಹೊರಟವರು ಹಿಂದಿರುಗಲಿಲ್ಲ. ಮರುವರ್ಷದ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡ ಪರ್ವತಗಳಲ್ಲಿ, ಸುಮಾರು 10,000 ಅಡಿ ಎತ್ತರದಲ್ಲಿ ಅವಶೇಷ ಸಿಕ್ಕಿತು. ವಿಮಾನದ ಏರುವ ಸಾಮರ್ಥ್ಯವನ್ನು ಮೀರಿದ ಕೆಳಮುಖ ಗಾಳಿಗೆ ಸಿಲುಕಿದ್ದೇ ಕಾರಣ ಎಂದು ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ತೀರ್ಮಾನಿಸಿತು. ಹೆಚ್ಚಿನ ಡೆನ್ಸಿಟಿ ಆಲ್ಟಿಟ್ಯೂಡನ್ನೂ ಅದು ಹೆಸರಿಸಿತು. ಈ ಎರಡು ಅಪಾಯಗಳು ಕೂಡಿಕೊಳ್ಳುವ ಬಗೆಯನ್ನು ಗಮನಿಸಬೇಕು. ನಿಮಿಷಕ್ಕೆ 700 ಅಡಿ ಏರಬಲ್ಲ ವಿಮಾನಕ್ಕೆ 500 ಅಡಿಯ ಕೆಳಮುಖ ಗಾಳಿ ಒಂದು ತೊಂದರೆ ಮಾತ್ರ, 250 ಅಡಿ ಏರಬಲ್ಲ ವಿಮಾನಕ್ಕೆ ಅದೇ ಗಾಳಿ ಮರಣಶಾಸನ.

ಅದೇ ಪ್ರದೇಶದ ಮ್ಯಾಮತ್ ಯೋಸೆಮಿಟಿ ನಿಲ್ದಾಣದಿಂದ ಹೊರಟು, ಪಶ್ಚಿಮದಿಂದ 30 ನಾಟ್ ಗಾಳಿ ಹೊಂದಿಸಿಕೊಂಡು, ಸೆಸ್ನಾದಲ್ಲಿ ಪಶ್ಚಿಮದ ಶ್ರೇಣಿಯನ್ನು ದಾಟಲು ಯತ್ನಿಸಿ. ಮೂಗನ್ನು ಮೇಲೆತ್ತಿ ಪೂರ್ತಿ ಶಕ್ತಿ ಕೊಟ್ಟರೂ ಏರುವಿಕೆ ಮಾಪಕದ ಮುಳ್ಳು ಸೊನ್ನೆಗಿಂತ ಕೆಳಗಿಳಿಯುವುದನ್ನು ನೋಡಿದವರು ಗಾಳಿಯ ವರದಿ ಓದದೆ ಮತ್ತೆ ಹೊರಡಲು ಅಳುಕುತ್ತಾರೆ.

ಹಾಗಾದರೆ ಪರ್ವತಶ್ರೇಣಿಯನ್ನು ದಾಟುವ ಸರಿಯಾದ ಕ್ರಮ ಯಾವುದು?

ನೆತ್ತಿಯ ಮಟ್ಟದ ಗಾಳಿ 20ರಿಂದ 25 ನಾಟ್ ಮೀರಿದ್ದರೆ ಸಣ್ಣ ವಿಮಾನ ಆ ದಿನ ನೆಲದ ಮೇಲೇ ಇರುವುದು ಉತ್ತಮ ಎಂಬುದು ಪರ್ವತ ಪೈಲಟ್‌ಗಳು ಒಪ್ಪಿರುವ ಲೆಕ್ಕ. ಗಾಳಿ ಅದಕ್ಕಿಂತ ಕಡಿಮೆ ಇದ್ದರೂ ನೆತ್ತಿಗಿಂತ ಕನಿಷ್ಠ 1,000 ಅಡಿ, ಸಾಧ್ಯವಾದರೆ 2,000 ಅಡಿ ಮೇಲಿರಬೇಕು. ಆ ಎತ್ತರವನ್ನು ಬೆಟ್ಟದ ಬುಡದಲ್ಲಿ ಅಲ್ಲ, ಮೈಲುಗಳಷ್ಟು ಮೊದಲೇ ಗಳಿಸಿರಬೇಕು. ಶ್ರೇಣಿಗೆ ನೇರವಾಗಿ ನುಗ್ಗದೆ 45 ಡಿಗ್ರಿ ಓರೆಯಾಗಿ ಸಮೀಪಿಸಿದರೆ, ಸೆಳೆತ ಸಿಕ್ಕಾಗ ದೂರ ಸರಿಯಲು 90 ಡಿಗ್ರಿ ತಿರುವು ಸಾಕು. ನೇರವಾಗಿ ಹೋದವರು ಪೂರ್ತಿ 180 ಡಿಗ್ರಿ ತಿರುಗಬೇಕು.

ಕಣ್ಣಳತೆಯ ಒಂದು ಪರೀಕ್ಷೆ ಸಿಮ್ಯುಲೇಟರ್‌ನಲ್ಲಿ ಬಹಳ ಚೆನ್ನಾಗಿ ಕಾಣುತ್ತದೆ. ನೆತ್ತಿಯ ಆಚೆಗಿನ ನೆಲ ಹೆಚ್ಚು ಹೆಚ್ಚು ಕಾಣಿಸುತ್ತ ಬಂದರೆ ನೀವು ದಾಟುತ್ತೀರಿ. ಕಾಣುತ್ತಿದ್ದ ನೆಲ ನೆತ್ತಿಯ ಹಿಂದೆ ಮರೆಯಾಗತೊಡಗಿದರೆ ಮಾಪಕ ಏನೇ ಹೇಳಲಿ, ತಿರುಗಬೇಕು.

ಕಣಿವೆ ಕಿರಿದಾಗುತ್ತ ಬಂದು ತಿರುಗಲು ಜಾಗವೇ ಉಳಿಯುವುದಿಲ್ಲ. ಆಗ ಏನು ಮಾಡಬೇಕು?

ಆಗ ಮಾಡಬಹುದಾದದ್ದು ಬಹಳ ಕಡಿಮೆ. 1970ರ ಅಕ್ಟೋಬರ್ 2ರಂದು ವಿಚಿಟಾ ಸ್ಟೇಟ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದವರನ್ನು ಹೊತ್ತ ಮಾರ್ಟಿನ್ 4-0-4 ವಿಮಾನ ಕೊಲರಾಡೊದ ಕ್ಲಿಯರ್ ಕ್ರೀಕ್ ಕಣಿವೆಯನ್ನು ಹೊಕ್ಕಿತು. ಎದುರಿನ ಬೆಟ್ಟವನ್ನು ಏರಿ ದಾಟಲೂ ಆಗದ, ತಿರುಗಿ ಬರಲೂ ಆಗದ ಎತ್ತರದಲ್ಲಿ ಆ ದಾರಿಯನ್ನು ಬೇಕೆಂದೇ ಆರಿಸಿಕೊಂಡದ್ದೇ ಕಾರಣವೆಂದು ತನಿಖೆ ಹೇಳಿತು. 31 ಜನ ಸತ್ತರು. 48 ವರ್ಷಗಳ ನಂತರ, 2018ರ ಆಗಸ್ಟ್ 4ರಂದು, ಸ್ವಿಟ್ಜರ್ಲೆಂಡಿನ ಪಿಜ್ ಸೆಗ್ನಾಸ್ ಬಳಿ ಹಳೆಯ ಯುಂಕರ್ಸ್ ಯು-52 ವಿಮಾನ ಬಿದ್ದು ಒಳಗಿದ್ದ 20 ಮಂದಿಯೂ ಸತ್ತರು. ಬೇರೆ ದಾರಿ ಉಳಿಯದಷ್ಟು ಕೆಳಗೆ, ಅಪಾಯಕರವಾದ ಕಡಿಮೆ ವೇಗದಲ್ಲಿ ಕಿರಿದಾದ ಕಣಿವೆಯನ್ನು ಹೊಕ್ಕದ್ದನ್ನು ಅಲ್ಲಿನ ತನಿಖಾ ಸಂಸ್ಥೆ ಎತ್ತಿ ಹೇಳಿತು. ಎರಡೂ ಸೆಸ್ನಾಕ್ಕಿಂತ ಬಹಳ ದೊಡ್ಡ ವಿಮಾನಗಳು, ಎರಡನ್ನೂ ನಡೆಸುತ್ತಿದ್ದವರು ಪರವಾನಗಿ ಪಡೆದ ವೃತ್ತಿ ಪೈಲಟ್‌ಗಳು.

ತಿರುವಿನ ಲೆಕ್ಕವನ್ನು ಹೊರಡುವ ಮೊದಲೇ ಮಾಡಿಕೊಳ್ಳಬಹುದು. ನಿಜವಾದ ವೇಗ 100 ನಾಟ್ ಇದ್ದು 30 ಡಿಗ್ರಿ ಬ್ಯಾಂಕ್ ಮಾಡಿದರೆ, ಅಂದರೆ ವಿಮಾನವನ್ನು ಅಷ್ಟು ಪಕ್ಕಕ್ಕೆ ವಾಲಿಸಿ ತಿರುಗಿಸಿದರೆ, ಹಿಂದಿರುಗಲು 930 ಮೀಟರಿನಷ್ಟು ಅಗಲ ಬೇಕು. ವೇಗವನ್ನು 80 ನಾಟ್‌ಗೆ ಇಳಿಸಿದರೆ 600 ಮೀಟರ್ ಸಾಕು. 100 ನಾಟ್‌ನಲ್ಲೇ 45 ಡಿಗ್ರಿ ಬ್ಯಾಂಕ್ ಮಾಡಿದರೆ 540 ಮೀಟರ್, ಆದರೆ ಆಗ ಸ್ಟಾಲ್ ವೇಗ ಶೇ. 19ರಷ್ಟು ಹೆಚ್ಚುತ್ತದೆ. ಗಾಬರಿಯಲ್ಲಿ ಇನ್ನೂ ಕಡಿದಾಗಿ ತಿರುಗಿಸಿ ಹಿಡಿಯನ್ನು ಎಳೆದವರ ವಿಮಾನ ಬೆಟ್ಟಕ್ಕೆ ಬಡಿಯುವ ಮೊದಲೇ ಸ್ಟಾಲ್ ಆಗಿ ಬೀಳುತ್ತದೆ.

ಕಣಿವೆಯ ನಟ್ಟನಡುವೆ ಹಾರುವುದು ಸುರಕ್ಷಿತ ಎಂಬುದು ತಪ್ಪು ತಿಳಿವಳಿಕೆ. ಗಾಳಿ ಬಡಿದು ಮೇಲೇರುವ ಮಗ್ಗುಲನ್ನು ಒತ್ತಿ ಹಾರಿದರೆ ತುಸು ಎತ್ತುವಿಕೆಯೂ ಸಿಗುತ್ತದೆ, ತಿರುಗಲು ಇಡೀ ಕಣಿವೆಯ ಅಗಲವೂ ಉಳಿಯುತ್ತದೆ, ತಿರುವು ಗಾಳಿಗೆ ಎದುರಾಗಿ ಆಗುವುದರಿಂದ ನೆಲದ ಮೇಲಿನ ಅದರ ವ್ಯಾಪ್ತಿಯೂ ಕಿರಿದಾಗುತ್ತದೆ. ಕಣಿವೆಯನ್ನು ಮೇಲಿನಿಂದ ಕೆಳಕ್ಕೆ, ಅಂದರೆ ಹೊಳೆ ಹರಿಯುವ ದಿಕ್ಕಿನಲ್ಲಿ ಹಾರುವುದು ಅದಕ್ಕಿಂತಲೂ ಒಳ್ಳೆಯದು.

ಜಿಪಿಎಸ್ ಇರುವ ಕಾಲದಲ್ಲಿ ಮೋಡದೊಳಗೆ ಬೆಟ್ಟಕ್ಕೆ ಬಡಿಯುವುದು ಹೇಗೆ?

ಉಪಕರಣ ಇರುವುದು ಬೇರೆ, ಅದರ ಮಾತು ಕೇಳುವುದು ಬೇರೆ. 2022ರ ಮೇ 29ರಂದು ನೇಪಾಳದ ಪೋಖರಾದಿಂದ ಜೋಮ್‌ಸೋಮ್‌ಗೆ ಹೊರಟ ತಾರಾ ಏರ್‌ನ ಟ್ವಿನ್ ಓಟರ್ ಬೆಟ್ಟಕ್ಕೆ ಬಡಿದು 22 ಮಂದಿ ಸತ್ತರು. ಮೋಡದೊಳಗೆ ಸಿಲುಕಿ ದಾರಿ ತಪ್ಪಿದ್ದು ಮತ್ತು ನೆಲ ಸಮೀಪಿಸುವುದನ್ನು ಎಚ್ಚರಿಸುವ ವ್ಯವಸ್ಥೆಯನ್ನು ನಿಷ್ಕ್ರಿಯಗೊಳಿಸಿದ್ದು ಕಾರಣವೆಂದು ತನಿಖಾ ವರದಿ ತಿಳಿಸಿತು. ಕಣಿವೆಯೊಳಗೆ ಹಾರುವಾಗ ಎರಡೂ ಬದಿಯ ಬೆಟ್ಟಗಳು ಹತ್ತಿರವೇ ಇರುವುದರಿಂದ ಆ ವ್ಯವಸ್ಥೆ ಪದೇ ಪದೇ ಕೂಗುತ್ತದೆ. ಕೂಗನ್ನು ಕಿರಿಕಿರಿ ಎಂದು ಆರಿಸುವ ಅಭ್ಯಾಸ ಸಿಮ್ಯುಲೇಟರ್ ಬಳಕೆದಾರರಲ್ಲೂ ಇದೆ.

ಜೋಮ್‌ಸೋಮ್ ದಾರಿಯನ್ನು ಸಿಮ್ಯುಲೇಟರ್‌ನಲ್ಲಿ ಅವಶ್ಯವಾಗಿ ಹಾರಬೇಕು. ಅನ್ನಪೂರ್ಣ ಮತ್ತು ಧೌಲಾಗಿರಿ ಎಂಬ 8,000 ಮೀಟರ್ ಮೀರಿದ ಎರಡು ಪರ್ವತಗಳ ನಡುವೆ ಕಾಳಿ ಗಂಡಕಿ ನದಿ ಕೊರೆದ ಕಂದರ ಅದು. ಬಿಸಿಲೇರಿದಂತೆ ಉತ್ತರದ ಪ್ರಸ್ಥಭೂಮಿ ಕಾದು ದಕ್ಷಿಣದಿಂದ ಗಾಳಿ ಕಂದರದೊಳಗೆ ನುಗ್ಗುತ್ತದೆ. ಅದಕ್ಕಾಗಿಯೇ ಅಲ್ಲಿನ ವಿಮಾನಗಳು ಬೆಳಗಿನ ಹೊತ್ತಿನಲ್ಲೇ ಓಡಾಟ ಮುಗಿಸುತ್ತವೆ.

ಚಳಿಗಾಲದಲ್ಲಿ ಆಲ್ಟಿಮೀಟರ್ ನಂಬಬಹುದೇ?

ಪೂರ್ತಿಯಾಗಿ ನಂಬಬಾರದು. ಗಾಳಿ ಪ್ರಮಾಣಿತ ಉಷ್ಣಾಂಶಕ್ಕಿಂತ 10 ಡಿಗ್ರಿ ತಣ್ಣಗಿದ್ದರೆ ನಿಜವಾದ ಎತ್ತರ ಮಾಪಕ ತೋರಿಸುವುದಕ್ಕಿಂತ ಸುಮಾರು ಶೇ. 4ರಷ್ಟು ಕಡಿಮೆ ಇರುತ್ತದೆ. ನಿಲ್ದಾಣದಿಂದ 5,000 ಅಡಿ ಮೇಲಿದ್ದೇನೆ ಎಂದುಕೊಂಡವರು 20 ಡಿಗ್ರಿ ವ್ಯತ್ಯಾಸ ಇರುವ ದಿನ 400 ಅಡಿ ಕೆಳಗಿರುತ್ತಾರೆ.

ಯಾವ ಸಿಮ್ಯುಲೇಟರ್ ಬಳಸಬೇಕು? ಅದು ಏನನ್ನು ಕಲಿಸುವುದಿಲ್ಲ?

ನೆಲದ ಚಿತ್ರಣಕ್ಕೆ ಮೈಕ್ರೋಸಾಫ್ಟ್‌ನದು, ವಿಮಾನದ ವರ್ತನೆಯ ಲೆಕ್ಕಕ್ಕೆ ಎಕ್ಸ್-ಪ್ಲೇನ್, ಹಣ ಕೊಡದೆ ಆರಂಭಿಸುವುದಕ್ಕೆ ಮುಕ್ತ ತಂತ್ರಾಂಶವಾದ ಫ್ಲೈಟ್‌ಗಿಯರ್. ಈ ಅಭ್ಯಾಸಗಳಿಗೆ ಮೂರರಲ್ಲಿ ಯಾವುದಾದರೂ ಆದೀತು. ಇಳಿಜಾರನ್ನು ಹತ್ತುವ ಮತ್ತು ಇಳಿಯುವ ಗಾಳಿಯನ್ನು ಇವು ಸ್ಥೂಲವಾಗಿ ತೋರಿಸುತ್ತವೆ, ಆದರೆ ರೋಟರ್‌ನಂಥ ಸಣ್ಣ, ಉಗ್ರ ಸುಳಿಗಳನ್ನು ನಿಜದಷ್ಟು ಒರಟಾಗಿ ತೋರಿಸುತ್ತವೆ ಎಂದು ನೆಚ್ಚುವಂತಿಲ್ಲ. ಪರದೆಯ ಮೇಲೆ ದಾಟಿದ ಶ್ರೇಣಿಯನ್ನು ನಿಜವಾಗಿಯೂ ದಾಟಬಹುದು ಎಂದುಕೊಳ್ಳುವುದು ಇದೇ ಕಾರಣಕ್ಕೆ ಅಪಾಯ.

ದೇಹಕ್ಕೆ ಆಗುವುದನ್ನು ಯಾವ ಸಿಮ್ಯುಲೇಟರೂ ತೋರಿಸಲಾರದು. ಅಮೆರಿಕದ ನಿಯಮದ ಪ್ರಕಾರ 12,500 ಅಡಿ ಮೀರಿ 30 ನಿಮಿಷಕ್ಕಿಂತ ಹೆಚ್ಚು ಹಾರುವ ಪೈಲಟ್ ಆಮ್ಲಜನಕ ಬಳಸಬೇಕು, 14,000 ಅಡಿ ಮೀರಿದರೆ ಇಡೀ ಹೊತ್ತು ಬಳಸಬೇಕು. ಆಮ್ಲಜನಕ ಕಡಿಮೆಯಾದಾಗ ಮೊದಲು ಮಸುಕಾಗುವುದು ವಿವೇಚನೆ. ತನ್ನ ವಿವೇಚನೆ ಮಸುಕಾಗಿದೆ ಎಂಬುದೂ ಪೈಲಟ್‌ಗೆ ತಿಳಿಯುವುದಿಲ್ಲ. ಮನೆಯ ಕುರ್ಚಿಯಲ್ಲಿ ಕುಳಿತವರ ತಲೆ ತಿಳಿಯಾಗಿಯೇ ಇರುತ್ತದೆ, ಬೇಕೆಂದಾಗ ಆಟವನ್ನು ತಡೆಹಿಡಿದು ಯೋಚಿಸುವ ಅನುಕೂಲವೂ ಇರುತ್ತದೆ. ಆ ಗುಂಡಿಯನ್ನು ಮುಟ್ಟದೆ ಹಾರುವುದು ಒಳ್ಳೆಯ ನಿಯಮ.

ಕರ್ನಾಟಕದಲ್ಲಿ ಇದನ್ನು ಅಭ್ಯಾಸ ಮಾಡುವಂಥ ಜಾಗ ಇದೆಯೇ?

ಇದೆ. ಬೆಂಗಳೂರಿನ ಜಕ್ಕೂರು ವಿಮಾನನೆಲೆ ಸುಮಾರು 3,000 ಅಡಿ ಎತ್ತರದಲ್ಲಿದೆ. ಏಪ್ರಿಲ್ ಮಧ್ಯಾಹ್ನ 35 ಡಿಗ್ರಿ ಇದ್ದರೆ ಅಲ್ಲಿನ ಡೆನ್ಸಿಟಿ ಆಲ್ಟಿಟ್ಯೂಡ್ 6,000 ಅಡಿ ದಾಟುತ್ತದೆ. ಪರ್ವತವೇ ಇಲ್ಲದ ಊರಿನಲ್ಲಿ ಪರ್ವತದ ಗಾಳಿ ಸಿಗುತ್ತದೆ.

ಪಶ್ಚಿಮಘಟ್ಟದಲ್ಲಿ, ಕರ್ನಾಟಕದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿಯೂ 1,930 ಮೀಟರ್, ಅಂದರೆ 6,330 ಅಡಿ ಮಾತ್ರ. ಸೆಸ್ನಾ ಅದನ್ನು ನಿರಾಯಾಸವಾಗಿ ದಾಟುತ್ತದೆ. ಅಲ್ಲಿನ ಪಾಠ ಬೇರೆಯದು. ಮುಂಗಾರಿನಲ್ಲಿ ನೈಋತ್ಯದ ಗಾಳಿ ಕರಾವಳಿಯ ಮಗ್ಗುಲನ್ನು ಹತ್ತಿ ಮಲೆನಾಡಿನ ಕಡೆಗೆ ಇಳಿಯುತ್ತದೆ. ಹಾಗಾಗಿ ಚಿಕ್ಕಮಗಳೂರಿನ ಕಡೆಯಿಂದ ಮಂಗಳೂರಿಗೆ ಹೊರಟವರಿಗೆ ಘಟ್ಟದ ನೆತ್ತಿಗಿಂತ ಮೊದಲೇ ಕೆಳಮುಖ ಗಾಳಿ ಎದುರಾಗುತ್ತದೆ, ನೆತ್ತಿಯಾಚೆ ಕರಾವಳಿಯವರೆಗೂ ಮೋಡ ಕವಿದಿರುತ್ತದೆ. ಜುಲೈ ತಿಂಗಳ ನೇರ ಹವಾಮಾನವನ್ನು ಹೊಂದಿಸಿಕೊಂಡು ಈ ದಾರಿಯನ್ನು ಹಿಡಿದು, ಎಲ್ಲಿ ತಿರುಗಿ ಹಿಂದಿರುಗಬೇಕಾಯಿತು ಎಂದು ನಕ್ಷೆಯಲ್ಲಿ ಗುರುತು ಹಾಕಿಕೊಳ್ಳಿ.

ಈ ಗಂಟೆಗಳು ಪೈಲಟ್ ಪರವಾನಗಿಗೆ ಲೆಕ್ಕಕ್ಕೆ ಬರುತ್ತವೆಯೇ?

ಬರುವುದಿಲ್ಲ. ಮಾನ್ಯತೆ ಪಡೆದ ತರಬೇತಿ ಸಾಧನಗಳಲ್ಲಿ ಬೋಧಕರ ಸಮ್ಮುಖದಲ್ಲಿ ಕಳೆದ ಸಮಯಕ್ಕೆ ಮಾತ್ರ, ಅದೂ ಮಿತಿಯೊಳಗೆ, ಬೆಲೆ ಇದೆ. ಮನೆಯಲ್ಲಿ ಅಭ್ಯಾಸ ಮಾಡಿ ತರಬೇತಿಗೆ ಸೇರುವವರು ಮೊದಲ ದಿನವೇ ಬೋಧಕರಿಗೆ ಆ ವಿಷಯ ತಿಳಿಸುವುದು ಒಳ್ಳೆಯದು. ಹೊರಗೆ ನೋಡುವುದನ್ನು ಬಿಟ್ಟು ಮಾಪಕಗಳನ್ನೇ ದಿಟ್ಟಿಸುವ ಚಾಳಿಯನ್ನು ಅವರು ಬಿಡಿಸಬೇಕಾಗುತ್ತದೆ.